ತಲೆಕೆಳಗಿನ ಹಲಗೆ

ಆ ಮರ ನಮ್ಮ ವರ್ಕ್‌ಶಾಪಿಗೆ ಬಂದದ್ದು ಬೇಸಗೆ ಶುರುವಾಗುವ ಹೊತ್ತಿಗೆ. ಬಹ್ರೈನಿನಲ್ಲಿ ನನ್ನ ವಯಸ್ಸಿನ ಮರಗೆಲಸದವನಿಗೆ ಬೇಸಗೆ ಶುರುವಾಯಿತು ಅಂದರೆ ರಜೆ ಕೇಳುವ ಕಾಲ ಬಂತು ಎಂದು ಅರ್ಥ. ನಾನು ಕೇಳಿಯೂ ಆಗಿತ್ತು. ಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ ಎಂಬ ಸ್ಥಿತಿ. ಆದರೆ ಸಲ್ಮಾಬಾದಿನಲ್ಲಿ ಈ ವರ್ಕ್‌ಶಾಪ್ ನಡೆಸುವ ನಮ್ಮ ಸಾಹೇಬರು, ಉಳ್ಳಾಲದ ಕಡೆಯ ಬ್ಯಾರಿಗಳು, "ಇದೊಂದು ಕೆಲಸ ಮುಗಿಸಿ ಹೋಗಿ ಆಚಾರ್ರೆ" ಎಂದರು. ಇದೊಂದು ಎನ್ನುವ ಮಾತನ್ನು ಅವರು ಪ್ರತಿ ಸಲವೂ ಹೇಳುತ್ತಾರೆ, ಪ್ರತಿ ಸಲವೂ ನಾನು ನಂಬುತ್ತೇನೆ.

ಪೆಟ್ಟಿಗೆ ಒಡೆದಾಗ ಬಂದದ್ದು ದನದ ಕೊಟ್ಟಿಗೆಯ ವಾಸನೆ. ಒಳಗೆ ಗೋಡೆಗೆ ಹೊದಿಸುವ ಓಕ್ ಮರದ ಚೌಕಟ್ಟುಗಳು. ಆಳಿಗಿಂತ ಎತ್ತರ, ಪ್ರತಿಯೊಂದರ ನಡುವೆ ಒಂದೇ ಉದ್ದದ ಹಲಗೆ, ಹೊಗೆ ಕುಡಿದ ಅಟ್ಟದ ಹಾಗೆ ಕಪ್ಪು. ಅವುಗಳ ಜೊತೆಗೇ ಒಬ್ಬ ಇಂಗ್ಲಿಷ್ ಹೆಂಗಸು ಬಂದಿದ್ದರು. ಇಲ್ಲಿಯ ಶಾಲೆಯೊಂದರಲ್ಲಿ ತುಂಬಾ ವರ್ಷ ಪಾಠ ಹೇಳಿ ನಿವೃತ್ತರಾದವರು, ಬುಸೈತೀನಿನಲ್ಲಿ ಬಾಡಿಗೆಯ ವಿಲ್ಲಾದಲ್ಲಿ ಒಬ್ಬರೇ ಇದ್ದರು. ನನ್ನಂಥವನಿಗೂ ಅರ್ಥವಾಗುವಷ್ಟು ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಅವರು ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಅವರ ಹಿರಿಯರಿಗೆ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನು, ಕಾಡು, ಕೆರೆ, ಅದರ ನಡುವೆ ದೊಡ್ಡ ಮನೆ ಇತ್ತಂತೆ. ನಮ್ಮೂರ ಗುತ್ತಿನ ಮನೆಯ ಹಾಗೆ ಅಂದುಕೊಂಡೆ. ತೆರಿಗೆ ಕಟ್ಟಲಾಗದೆ, ಮಾಡು ಸೋರಿ, ಅವರ ಅಪ್ಪನ ಕಾಲದಲ್ಲಿ ಮಾರಿಹೋಯಿತು. ಕೊಂಡವರು ಕೆಡವಿದರು. ಈಗ ಆ ಮನೆಯದೆಂದು ಉಳಿದಿರುವುದು ಗೇಟಿನ ಒಂದು ಕಲ್ಲುಕಂಬ ಮತ್ತು ಯಾರದೋ ಕೊಟ್ಟಿಗೆ ಸೇರಿದ್ದ ಈ ಮರ ಮಾತ್ರ. ಇದು ಆ ಮನೆಯೊಳಗಿನ ಒಂದು ಉದ್ದ ಓಣಿಯ, ಅಂದರೆ ಕಾರಿಡಾರಿನ, ಗೋಡೆಯದು. ಪ್ರತಿ ಹಲಗೆಯ ನೆತ್ತಿಯಲ್ಲಿ ಎರಡೆರಡು ಅಕ್ಷರ ಕೆತ್ತಿತ್ತು. ಯಜಮಾನಿಕೆ ದಾಟಿದಾಗಲೆಲ್ಲ ಹೊಸ ಯಜಮಾನ ತನ್ನ ಹೆಸರಿನ ಅಕ್ಷರಗಳನ್ನು ಮುಂದಿನ ಹಲಗೆಯಲ್ಲಿ ಕೆತ್ತಿಸುವುದು ಅವರ ಪದ್ಧತಿ. ಸಾಲಿನ ಕೊನೆಯದು ಅವರ ಅಪ್ಪನದು.

"ಏನು ಬೇಕಾದರೂ ಹೆಚ್ಚುಕಡಿಮೆ ಮಾಡಿ, ಈ ಸಾಲು ಮಾತ್ರ ತಪ್ಪಬಾರದು. ಇದು ನಮ್ಮ ವಂಶ" ಎಂದರು.

ಅವರಿಗೊಬ್ಬ ತಮ್ಮ. ಮದುವೆಯಾಗಿಲ್ಲ, ಇಂಗ್ಲೆಂಡಿನಲ್ಲಿ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಅವರನ್ನು ಇಲ್ಲಿಗೆ ತಂದು ಇಟ್ಟುಕೊಳ್ಳಬೇಕೆಂದು ಅಕ್ಕನ ಆಸೆ. ತಮ್ಮ ಒಪ್ಪಿದ್ದು ಒಂದು ಸಲ ಬಂದು ನೋಡುವುದಕ್ಕೆ ಮಾತ್ರ, ಸರಿಹೋಗದಿದ್ದರೆ ವಾಪಸು. ಅವರು ಬರುವುದರೊಳಗೆ ಈ ಓಣಿ ವಿಲ್ಲಾದಲ್ಲಿ ನಿಲ್ಲಬೇಕು. ಅವನು ಉಳಿಯುತ್ತಾನೋ ಹೋಗುತ್ತಾನೋ ಎನ್ನುವುದು ಈ ಗೋಡೆಯ ಮೇಲೆ ನಿಂತಿದೆ ಎಂದು ಹೇಳಿ ಹೋದರು. ದೊಡ್ಡವರ ಮಕ್ಕಳು, ಅವರಿಗೆ ಮನೆಯ ಮೇಲೆ ಮೋಹ ಇರುತ್ತದೆ ಎಂದು ನಾನು ಅಷ್ಟಕ್ಕೇ ಬಿಟ್ಟೆ. ಆಮೇಲೆ ಅವರು ತಮ್ಮನನ್ನು ಕರೆತರಲು ಊರಿಗೆ ಹೊರಟುಹೋದರು. ಮಾತುಕತೆಯೆಲ್ಲ ಸೀಫ್‌ನಲ್ಲಿದ್ದ ಒಂದು ಇಂಟೀರಿಯರ್ ಆಫೀಸಿನ ಮೂಲಕ. ಅವರು ಕೊಟ್ಟ ನಕ್ಷೆಯಲ್ಲಿ ಪಾಲಿಶಿನ ಬಣ್ಣ, ಲೈಟು, ಮೇಲಂಚಿನ ಗೆರೆ ಎಲ್ಲ ಇತ್ತು. ಯಾರಿಗೋಸ್ಕರ ಮಾಡುತ್ತಿದ್ದೇವೆ ಎನ್ನುವುದು ಇರಲಿಲ್ಲ.

ಮೊದಲು ಮರವನ್ನು ಒಣಗಿಸಬೇಕಿತ್ತು. ಕೊಟ್ಟಿಗೆಯ ತೇವ ಕುಡಿದ ಮರವನ್ನು ನೇರ ಎ.ಸಿ. ಗಾಳಿಗೆ ಇಟ್ಟರೆ ಸೀಳುತ್ತದೆ. ಒಂದು ಮೂಲೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಹಲಗೆಗಳ ನಡುವೆ ರೀಪು ಕೊಟ್ಟು ಜೋಡಿಸಿ, ದಿನವೂ ತೇವದ ಮೀಟರ್ ಚುಚ್ಚಿ ನೋಡುತ್ತ, ಪರದೆಯನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹೋದೆ. ಸೀಫ್‌ನವರು ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಆಯಿತಾ ಎಂದು ಕೇಳುವರು. ಮರಕ್ಕೆ ಅವಸರ ಗೊತ್ತಿಲ್ಲ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಹೊರಗೆ ಮಧ್ಯಾಹ್ನ ಕೆಲಸ ನಿಲ್ಲಿಸಬೇಕೆಂಬ ಕಾನೂನು ಬರುವಷ್ಟು ಬಿಸಿಲು, ಒಳಗೆ ಧೂಳು ಮತ್ತು ಫ್ಯಾನಿನ ಬಿಸಿಗಾಳಿ. ಸಂಜೆ ಕೋಣೆಗೆ ಹೋಗಿ ಗಂಜಿ ಉಂಡು ಮಲಗಿದರೆ ನಿದ್ದೆಯಲ್ಲೂ ಕೈ ಏನನ್ನೋ ಉಜ್ಜುತ್ತಿತ್ತು.

ಕೊಳೆ ತೆಗೆದ ಮೇಲೆ ಎರಡು ವಿಷಯ ಕಣ್ಣಿಗೆ ಬಿತ್ತು. ಮೊದಲನೆಯದು, ಹಲಗೆಗಳ ನಡುವಿನ ಪ್ರತಿ ನಿಲುವು ಪಟ್ಟಿಯಲ್ಲೂ ಸೊಂಟಕ್ಕಿಂತ ಗೇಣು ಕೆಳಗೆ ಒಂದೊಂದು ಕುಳಿ. ಹೆಬ್ಬೆರಳು ಕೂರುವಷ್ಟು ದೊಡ್ಡದು, ಅಂಚು ಸವೆದು ನುಣುಪಾಗಿತ್ತು. ಕೊಟ್ಟಿಗೆಯಲ್ಲಿ ಯಾರೋ ದನ ಕಟ್ಟಲು ಗೂಟ ಹೊಡೆದಿರಬೇಕು ಅಂದುಕೊಂಡೆ. ನಮ್ಮ ಪಾಲಿಶಿನವ, ರಾಜಸ್ಥಾನದ ಕಡೆಯವ, ತನ್ನ ಕೆಲಸದಲ್ಲಿ ಗಟ್ಟಿಗ. ಅವನು ಗಟ್ಟಿ ಪುಟ್ಟಿ ಕಲಸಿ, ಬಣ್ಣ ಸೇರಿಸಿ, ಕುಳಿ ಇತ್ತೆಂದು ಯಾರೂ ಹೇಳಲಾಗದ ಹಾಗೆ ಮುಚ್ಚಿದ. ನಾನೇ ಭೇಷ್ ಎಂದೆ.

ಎರಡನೆಯದು ಒಂದು ಹಲಗೆ. ಸಾಲಿನಲ್ಲಿ ಕೊನೆಯದಕ್ಕಿಂತ ಹಿಂದಿನದು. ಅದು ತಲೆಕೆಳಗಾಗಿತ್ತು. ಅಕ್ಷರಗಳು ನೆಲದ ಹತ್ತಿರ, ಉಲ್ಟಾ. ಅಕ್ಷರ ಇಲ್ಲದಿದ್ದರೂ ನನಗೆ ತಿಳಿಯುತ್ತಿತ್ತು. ಸೀಳಿದ ಹಲಗೆಯಲ್ಲಿ ಗೆರೆಗಳು ಏರುತ್ತ ಏರುತ್ತ ಗೋಪುರದ ತುದಿಯ ಹಾಗೆ ಸೇರುವ ಕಡೆ ಮರದ ಕೊಡಿ, ಅಗಲವಾಗುವ ಕಡೆ ಬುಡ. ನಾವು ಆಚಾರಿಗಳು ಕಂಬವಾಗಲಿ ಬಾಗಿಲ ದಾರಂದವಾಗಲಿ ಬುಡ ಕೆಳಗೆ, ಕೊಡಿ ಮೇಲೆ ಮಾಡಿಯೇ ನಿಲ್ಲಿಸುವುದು. ಮರ ಕಾಡಿನಲ್ಲಿ ನಿಂತ ಹಾಗೆಯೇ ಮನೆಯಲ್ಲೂ ನಿಲ್ಲಬೇಕು. ತಲೆಕೆಳಗೆ ನಿಲ್ಲಿಸಿದರೆ ಆ ಮನೆಯ ಸಂತಾನ ನಿಲ್ಲುವುದಿಲ್ಲ ಎಂದು ನನ್ನ ಅಪ್ಪ ಉಳಿ ಹಿಡಿಯಲು ಕಲಿಸುವ ಮೊದಲೇ ಕಲಿಸಿದ್ದರು. ಮನೆ ಮಾರಿಹೋಯಿತು, ತಮ್ಮನಿಗೆ ಮದುವೆಯಿಲ್ಲ, ಅಕ್ಕ ಒಬ್ಬರೇ. ಹಾಗಾಗದೆ ಇನ್ನೇನಾಗುತ್ತದೆ ಎಂದುಕೊಂಡೆ.

ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ. ಮರದ ಗೂಟಗಳನ್ನು ಹಿಂದಿನಿಂದ ತಟ್ಟಿ ತೆಗೆದೆ, ಮೇಲಿನ ಅಡ್ಡಪಟ್ಟಿ ಬಿಚ್ಚಿದೆ, ಹಲಗೆ ಎಳೆದು ತಿರುಗಿಸಿ ಬುಡ ಕೆಳಗೆ ಮಾಡಿ ಕೂರಿಸಿದೆ. ಅದರಲ್ಲಿ ಮುಷ್ಟಿಗಾತ್ರದ ಒಂದು ಗಂಟು ಇತ್ತು. ಮರ ಒಣಗಿ ಕುಗ್ಗಿದಾಗ ಗಂಟು ಮಾತ್ರ ಕುಗ್ಗದೆ ಮೇಲೆದ್ದು ನಿಂತಿತ್ತು. ತಿರುಗಿಸಿದ ಮೇಲೆ ಅದು ಮುಖದ ಎತ್ತರಕ್ಕೆ ಹೋಯಿತು. ಕೀಸಿ ಸಮ ಮಾಡಬೇಕಿತ್ತು. ಆ ದಿನ ತೋಳು ಮೇಲೆತ್ತಲು ತ್ರಾಣ ಇರಲಿಲ್ಲ, ನಾಳೆ ನೋಡಿದರಾಯಿತು ಎಂದು ಬಿಟ್ಟೆ. ನಾಳೆ ಮರೆತೆ. ನನ್ನ ಕಸುಬಿನಲ್ಲಿ ಸೋಮಾರಿತನ ಉಪಕಾರ ಮಾಡಿದ್ದು ಅದೊಂದೇ ಸಲ.

ಅರಗಿನ ಪಾಲಿಶ್ ಮುಗಿದು ಮರ ಹೊಳೆಯುವಾಗ ಚೌಕಟ್ಟುಗಳನ್ನು ಗೋಡೆಗೆ ಒರಗಿಸಿ, ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು ಮೇಡಂಗೆ ವಾಟ್ಸಾಪ್ ಮಾಡಿದೆವು. ಮೆಚ್ಚುಗೆ ಬರುತ್ತದೆಂದು ಕಾದೆವು. ಬಂದದ್ದು ಫೋನು, ಅದೂ ಸಾಹೇಬರಿಗೆ. ಅವರು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅಲ್ಲೇ ಇದ್ದ ಹಲಗೆಯ ರಾಶಿಯ ಮೇಲೆ ಕೂತರು.

"ಆಚಾರ್ರೆ, ಅವರ ತಮ್ಮನಿಗೆ ಕಣ್ಣು ಕಾಣುದಿಲ್ಲವಂತೆ. ಸಣ್ಣದಿರುವಾಗಲೇ ಹೋದದ್ದಂತೆ" ಎಂದರು. "ಆ ಕುಳಿಗಳೆಲ್ಲ ಎಲ್ಲಿ, ಆ ಗಂಟು ಎಲ್ಲಿ ಅಂತ ಕೇಳ್ತಿದ್ದಾರೆ. ನಾನೆಂತ ಹೇಳುದು?"

ಫೋನ್ ನನ್ನ ಕೈಗೆ ಕೊಟ್ಟರು. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಳಿಗಳನ್ನು ಮುಟ್ಟಬಾರದೆಂದು ಸೀಫ್‌ನ ಆಫೀಸಿಗೆ ಹೇಳಿಯೇ ಹೋಗಿದ್ದರಂತೆ. ಅಲ್ಲಿಂದ ನಮ್ಮವರೆಗೆ ಆ ಮಾತು ನಡೆದು ಬರಲಿಲ್ಲ, ಅಷ್ಟೇ. ತಮ್ಮನ ಕಣ್ಣು ಹೋದಾಗ ಅವರ ಅಜ್ಜ ಎಸ್ಟೇಟಿನ ಬಡಗಿಯನ್ನು ಕರೆಸಿ ಪ್ರತಿ ನಿಲುವಿನಲ್ಲೂ ಕುಳಿ ಕೊರೆಸಿದರು. ಹುಡುಗ ಕೈಯಾಡಿಸಿ, ಕುಳಿ ಲೆಕ್ಕ ಹಾಕಿ, ಎಲ್ಲಿದ್ದೇನೆಂದು ತಿಳಿಯುತ್ತಿದ್ದ. ಓಣಿಯಲ್ಲಿ ಒಂದು ಕಡೆ ಮೆಟ್ಟಿಲಿತ್ತು, ಅಲ್ಲಿ ಎರಡು ಸಲ ಬಿದ್ದು ಹಲ್ಲು ಮುರಿದುಕೊಂಡ. ಆ ಮೆಟ್ಟಿಲಿನ ಪಕ್ಕದ ಹಲಗೆಯಲ್ಲಿ ಗಂಟು ಇತ್ತು, ಆದರೆ ಹುಡುಗನ ಕೈಗೆ ಎಟುಕದಷ್ಟು ಮೇಲೆ. ಅದು ಅಜ್ಜನ ಸ್ವಂತ ಹಲಗೆ, ಅವರ ಅಕ್ಷರಗಳಿದ್ದದ್ದು.

"ಅಜ್ಜನೇ ಅದನ್ನು ತಲೆಕೆಳಗೆ ಮಾಡಿಸಿದರು. ಗಂಟು ಇವನ ಕೈಗೆ ಸಿಗಲಿ ಎಂದು. ನೆಂಟರೆಲ್ಲ ನಕ್ಕರು. ತನ್ನ ಹೆಸರು ನೆಲದಲ್ಲಿದ್ದರೆ ಏನಾಯಿತು, ಹುಡುಗ ನಿಂತಿದ್ದರೆ ಸಾಕು ಎಂದರಂತೆ" ಎಂದರು ಮೇಡಂ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಬುಡ ಕೊಡಿ ಎಂಬ ನಮ್ಮ ಶಾಸ್ತ್ರ ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ಶಾಸ್ತ್ರ ಗೊತ್ತಿಲ್ಲದೆ ತಪ್ಪು ಮಾಡಿದ್ದಾರೆ ಎಂದು ನಾನು ಯಾರ ಬಗ್ಗೆ ಅಂದುಕೊಂಡಿದ್ದೆನೋ, ಆತ ಎಲ್ಲ ಗೊತ್ತಿದ್ದೇ ಮಾಡಿದ್ದ. ಅದಕ್ಕೆ ನನಗೆ ನಾಚಿಕೆಯಾಯಿತು.

ಮತ್ತೆ ಮೊದಲಿನಿಂದ. ಪುಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೀಟ್ ಗನ್ನಿನ ಬಿಸಿ ಕೊಟ್ಟು, ಸಣ್ಣ ಉಳಿಯಿಂದ ಸ್ವಲ್ಪಸ್ವಲ್ಪವೇ ಅಗೆಯಬೇಕು. ಬಿಸಿ ಹೆಚ್ಚಾದರೆ ಮರ ಕರಕಲು, ಉಳಿ ಜಾರಿದರೆ ಸವೆದ ಅಂಚು ಹೋಯಿತು. ಆ ಅಂಚು ಒಬ್ಬ ಹುಡುಗನ ಬೆರಳು ಸವೆಸಿದ್ದು, ಅದನ್ನು ನಾನು ಮಾಡಿ ಕೊಡಲಾಗುವುದಿಲ್ಲ. ಪಾಲಿಶಿನವ ತಾನು ಮುಚ್ಚಿದ್ದನ್ನು ತಾನೇ ತೆಗೆಯುತ್ತ ಹಿಂದಿಯಲ್ಲಿ ಗೊಣಗಿದ, ಇಷ್ಟು ಚೆನ್ನಾಗಿ ಮಾಡಬಾರದಿತ್ತು ಎಂದು. ಅಜ್ಜನ ಹಲಗೆಯನ್ನು ಮತ್ತೆ ತಲೆಕೆಳಗೆ ಮಾಡಲು ಎಳೆಯುವಾಗ ಪಾಲಿಶ್ ಕಚ್ಚಿ ಹಿಡಿದು, ಗಂಟಿನ ಪಕ್ಕ ಸಣ್ಣಗೆ ಬಿರುಕು ಬಿಟ್ಟ ಸದ್ದಾಯಿತು. ಹಿಂಬದಿಯಲ್ಲಿ ಅಡ್ಡಲಾಗಿ ಎರಡು ಚಿಟ್ಟೆಯಾಕಾರದ ಬೆಣೆ ಕೂರಿಸಿ ಬಿರುಕು ಕಟ್ಟಿದೆ. ರಜೆಯ ಮಾತು ನಾನೂ ಎತ್ತಲಿಲ್ಲ, ಸಾಹೇಬರೂ ಎತ್ತಲಿಲ್ಲ.

ಎಲ್ಲವನ್ನೂ ಹೊತ್ತುಕೊಂಡು ಬುಸೈತೀನಿಗೆ ಹೋದ ದಿನ ಇನ್ನೊಂದು ತೊಡಕು ಕಂಡಿತು. ತಮ್ಮನಿಗೆಂದು ಇಟ್ಟ ಕೋಣೆಯಿಂದ ಹಾಲಿಗೆ ಉದ್ದ ಓಣಿ. ಕೋಣೆಯಿಂದ ಹೊರಟು ಮೂರು ಹಲಗೆ ದಾಟುವಷ್ಟರಲ್ಲಿ ಒಂದು ಅಮೃತಶಿಲೆಯ ಮೆಟ್ಟಿಲು ಕೆಳಗಿಳಿಯುತ್ತದೆ. ಇಲ್ಲಿಯ ಎಷ್ಟೋ ವಿಲ್ಲಾಗಳಲ್ಲಿ ಹೀಗೆ ಅಂದಕ್ಕೊಂದು ಮೆಟ್ಟಿಲು ಇಟ್ಟಿರುತ್ತಾರೆ. ಬಾಡಿಗೆ ಮನೆ, ಮಾಲೀಕ ಕಲ್ಲು ಮುಟ್ಟಲು ಬಿಡುವುದಿಲ್ಲ. ಮೇಡಂ ಹೇಳಿದ ಸಾಲಿನಂತೆ ಹಚ್ಚಿದರೆ ಅಜ್ಜನ ಹಲಗೆ ಓಣಿಯ ಆ ತುದಿಗೆ, ಹಾಲಿನ ಹತ್ತಿರ ಹೋಗುತ್ತದೆ. ಅಂದರೆ ಮೆಟ್ಟಿಲಿದ್ದಲ್ಲಿ ಗಂಟಿಲ್ಲ, ಗಂಟಿದ್ದಲ್ಲಿ ಮೆಟ್ಟಿಲಿಲ್ಲ. ಕೈ ಹೇಳಿದ್ದನ್ನು ನಂಬಿ ನಡೆಯುವ ಮನುಷ್ಯ ಮೊದಲ ದಿನವೇ ಮುಗ್ಗರಿಸುತ್ತಾರೆ. ಮೇಡಂಗೆ ಕಣ್ಣಿದೆ, ಅವರು ದಿನಾ ಆ ಮೆಟ್ಟಿಲು ಇಳಿಯುತ್ತಾರೆ, ಅದಕ್ಕೇ ಅದು ಅವರ ನೆನಪಿನಲ್ಲಿ ಇಲ್ಲ.

ಫೋನ್ ಮಾಡಿದೆವು. ಸ್ವಿಚ್ ಆಫ್. ಅಕ್ಕ ತಮ್ಮ ಆಗಲೇ ವಿಮಾನದಲ್ಲಿದ್ದರು.

ಸಾಹೇಬರು ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡರು. "ಖಲ್ಲಿವಲ್ಲಿ, ಬಿಡಿ ಆಚಾರ್ರೆ. ಅವರು ಹೇಳಿದ ಹಾಗೆ ಹಚ್ಚುವ. ಒಮ್ಮೆ ನಮ್ಮ ಬುದ್ಧಿ ಓಡಿಸಿ ಆದದ್ದು ಸಾಕಾಗಲಿಲ್ಲವಾ? ಸಾಲು ತಪ್ಪಿದ್ರೆ ನಮ್ಮನ್ನು ಹಿಡೀತಾರೆ. ಬಿದ್ರೆ ಅದು ನಮ್ಮ ತಲೆಗೆ ಬರುದಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ಸಲ ಕೇಳದೆ ಮಾಡಿ ಕೆಟ್ಟವನು ಮತ್ತೆ ಕೇಳದೆ ಮಾಡುವುದೆಂದರೆ ಬುದ್ಧಿಯ ಲಕ್ಷಣವಲ್ಲ. ನನಗೆ ಸುಸ್ತಾಗಿತ್ತು, ಹೇಳಿದ ಹಾಗೆ ಹಚ್ಚಿ ಕೋಣೆಗೆ ಹೋಗಿ ಮಲಗುವುದು ಎಲ್ಲಕ್ಕಿಂತ ಸುಲಭವಿತ್ತು. ಅಜ್ಜನ ಚೌಕಟ್ಟಿನ ಎದುರು ಸ್ವಲ್ಪ ಹೊತ್ತು ನಿಂತೆ. ಮೊಮ್ಮಗನಿಗಾಗಿ ನೆಂಟರೆಲ್ಲರ ಎದುರು ತನ್ನ ಹೆಸರನ್ನೇ ನೆಲಕ್ಕೆ ಹಾಕಿದ ಮನುಷ್ಯ, ಸಾಲು ಬಿಟ್ಟು ನಾಲ್ಕು ಹೆಜ್ಜೆ ಈಚೆ ಬರಲು ಬೇಡ ಎನ್ನುತ್ತಿದ್ದನೇ? ಬೀಳುವುದು ವಂಶದ ಹಲಗೆಯಲ್ಲ, ವಂಶದಲ್ಲಿ ಉಳಿದ ಮನುಷ್ಯ.

"ಅಜ್ಜನನ್ನು ಇಲ್ಲಿಗೆ ತರುವ ಸಾಹೇಬ್ರೆ" ಎಂದೆ. "ಏನಾದ್ರೂ ಬಂದ್ರೆ ನನ್ನ ತಲೆಗೆ ಬರಲಿ."

ಅವರು ಎದ್ದು ಚೌಕಟ್ಟಿನ ಇನ್ನೊಂದು ತುದಿ ಹಿಡಿದರು.

ಅಜ್ಜನ ಹಲಗೆಯನ್ನು ಮೆಟ್ಟಿಲಿಗಿಂತ ಒಂದು ಹೆಜ್ಜೆ ಮೊದಲು, ವಂಶದ ಮೊದಲ ಯಜಮಾನರ ನಡುವೆ ನಿಲ್ಲಿಸಿದೆವು. ನಕ್ಷೆಯಲ್ಲಿ ಮೇಲಂಚು ಓಣಿಯುದ್ದಕ್ಕೂ ಒಂದೇ ಗೆರೆ. ಹಾಗೆ ಮಾಡಿದರೆ ಮೆಟ್ಟಿಲಿಳಿದ ಮೇಲೆ ಕುಳಿಗಳು ಕೈಗಿಂತ ಮೇಲೆ ಹೋಗುತ್ತವೆ. ಆ ಗೆರೆಯನ್ನೂ ಬಿಟ್ಟು, ಅಲ್ಲಿಂದ ಮುಂದಿನ ಹಲಗೆಗಳನ್ನು ಮೆಟ್ಟಿಲಿನ ಎತ್ತರದಷ್ಟೇ ಇಳಿಸಿದೆ. ಸಣ್ಣ ಹುಡುಗನಿಗಾಗಿ ಕೊರೆದ ಕುಳಿ ಈಗ ವಯಸ್ಸಾದವರ ಕೈಗೆ ಸಿಗುತ್ತದೋ ಎಂದು ಹೆದರಿಕೆಯಿತ್ತು. ನನ್ನ ಕೈ ಇಳಿಬಿಟ್ಟು ನಡೆದು ನೋಡಿದೆ, ಬೆರಳು ತಾನಾಗಿ ಕುಳಿಯಲ್ಲಿ ಕೂತಿತು. ಹುಡುಗ ಎತ್ತಿ ಹಿಡಿದ ಕೈ, ದೊಡ್ಡವರು ಇಳಿಬಿಟ್ಟ ಕೈ, ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಆ ಬೇಸಗೆಯಲ್ಲಿ ನನ್ನ ಪ್ರಯತ್ನವಿಲ್ಲದೆ ಸರಿಹೋದದ್ದು ಅದೊಂದು.

ಅವರು ಬಂದ ದಿನ ನಾನೂ ಸಾಹೇಬರೂ ಹಾಲಿನ ಮೂಲೆಯಲ್ಲಿ ನಿಂತಿದ್ದೆವು. ಮೇಡಂ ತಮ್ಮನನ್ನು ಪಕ್ಕದ ಬಾಗಿಲಿನಿಂದ ನೇರ ಕೋಣೆಗೆ ಬಿಟ್ಟು, ಓಣಿಗೆ ಬಂದವರೇ ಅಕ್ಷರಗಳ ಸಾಲಿನ ಮೇಲೆ ಕಣ್ಣಾಡಿಸಿದರು. ಎರಡು ಹಲಗೆ ದಾಟುವಷ್ಟರಲ್ಲಿ ಮುಖ ಬಿಗಿಯಿತು. ಇದೊಂದನ್ನು ಮಾತ್ರ ಹೇಳಿದ್ದೆನಲ್ಲ ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ನಾನು ಮೆಟ್ಟಿಲು ತೋರಿಸಿದೆ. ಅವರು ಅದನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು, ಆದರೆ ಮುಖ ಸಡಿಲಾಗಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕೋಣೆಯಿಂದ ತಮ್ಮ ಹೊರಗೆ ಬಂದಿದ್ದರು.

ತೆಳ್ಳಗೆ, ಸ್ವಲ್ಪ ಬಾಗಿದ ಮನುಷ್ಯ. ಪ್ರಯಾಣದಲ್ಲಿ ಸೋತಿದ್ದರು. ಕೈಯ ಕೋಲನ್ನು ಬಾಗಿಲಿಗೆ ಒರಗಿಸಿದರು. ಅಕ್ಕ ತೋಳು ಹಿಡಿಯಲು ಹೋದಾಗ ಬೇಡವೆಂದು ತಲೆಯಾಡಿಸಿದರು. ಬಲಗೈ ಮರಕ್ಕೆ ತಾಗಿತು, ಬೆರಳು ಮೊದಲ ಕುಳಿ ಹುಡುಕಿ ಅಲ್ಲೇ ನಿಂತಿತು. ತುಂಬ ಹೊತ್ತು ನಿಂತಿತು. ಮುಚ್ಚಿ ತೆಗೆದದ್ದು ಅವರಿಗೆ ತಿಳಿಯಿತೇನೋ ಎಂದುಕೊಂಡೆ. ಆಮೇಲೆ ಹೊರಟರು. ಒಂದು ಕುಳಿ, ಇನ್ನೊಂದು. ಬಳಿಕ ಅಂಗೈ ಗಂಟಿನ ಮೇಲೆ ಬಿತ್ತು.

ಅವರು ನಿಂತರು. ಕಾಲ ತುದಿ ಮುಂದೆ ಚಾಚಿ ಅಂಚು ಹುಡುಕಿ, ಇಳಿದರು. ಇಳಿದು ನಿಂತು ಹಿಂದಕ್ಕೆ ಕೈ ಚಾಚಿ ಮತ್ತೊಮ್ಮೆ ಗಂಟು ಸವರಿದರು.

"ಆ ಮನೆಯಲ್ಲಿ ಅಜ್ಜ ಇಷ್ಟು ಬೇಗ ಬರುತ್ತಿರಲಿಲ್ಲ" ಎಂದರು.

ಅಕ್ಕ ನನ್ನ ಕಡೆ ಒಮ್ಮೆ, ಮೆಟ್ಟಿಲ ಕಡೆ ಒಮ್ಮೆ ನೋಡಿ, ಕೊನೆಗೆ ಇಲ್ಲಿ ಮೆಟ್ಟಿಲು ಬೇಗ ಬರುತ್ತದೆ ಎಂದರು. ತಮ್ಮ ತಲೆಯಾಡಿಸಿ, ಕುಳಿ ಎಣಿಸುತ್ತ ಹಾಲಿನವರೆಗೂ ಒಬ್ಬರೇ ನಡೆದು ಬಂದರು. ಸಾಹೇಬರು ಬಾಯೊಳಗೇ ದೇವರನ್ನು ನೆನೆದರು.

ಚಹಾ ಬಂತು. ಸೆಖೆಯ ಮಾತು, ವಿಮಾನದ ಮಾತು. ಉಳಿಯುವ ವಿಷಯ ಯಾರೂ ಎತ್ತಲಿಲ್ಲ. ಅಕ್ಕನ ಕಪ್ಪಿನಲ್ಲಿ ಚಹಾ ಹಾಗೇ ಇತ್ತು. ಕಪ್ ಕೆಳಗಿಟ್ಟು ತಮ್ಮ, ಇದನ್ನು ಮಾಡಿದವರು ಇಲ್ಲಿದ್ದಾರೆಯೇ ಎಂದು ಕೇಳಿದರು. ನಾನು ಹತ್ತಿರ ಹೋದೆ.

"ಕೋಣೆಯ ಬಚ್ಚಲಿಗೆ ಹೋಗುವಲ್ಲೂ ಒಂದು ಮೆಟ್ಟಿಲಿದೆ. ಈಗ ತಾನೇ ಕಾಲು ತಾಗಿತು. ಅಲ್ಲಿ ಗೋಡೆ ಬೋಳಾಗಿದೆ" ಎಂದರು. "ದಿನಾ ಓಡಾಡಬೇಕಲ್ಲ. ಅಲ್ಲೊಂದು ಏನಾದರೂ ಗುರುತು ಮಾಡಿ ಕೊಡುತ್ತೀರಾ?"

ಅಕ್ಕ ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು, ಅದು ನಿಲ್ಲಲು ಬಹಳ ಹೊತ್ತಾಯಿತು.

ನಾನು ಅವರನ್ನು ಬಚ್ಚಲ ಬಾಗಿಲಿಗೆ ಕರೆದುಕೊಂಡು ಹೋದೆ. ಕೈಯನ್ನು ಇಳಿಬಿಡಲು ಹೇಳಿ, ಮಂಡಿಯೂರಿ, ಬೆರಳು ಗೋಡೆಗೆ ತಾಗಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ.